ಮೊದಲು ಕೆನ್ನೆಗೆ

ನಾನು ಒಂದು ಲಾಳಿ. ಒಡಲಲ್ಲಿ ನೂಲಿನ ಕಂಡಿಕೆ ಹೊತ್ತು ಮಗ್ಗದ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುವುದೇ ನನ್ನ ಬಾಳು. ಇಷ್ಟು ವರ್ಷ ಓಡಿಯೂ ಮೂರು ಮೊಳ ದಾಟಿ ಎಲ್ಲೂ ಹೋಗಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ.

ಇಳಕಲ್ಲಿನ ಬಡಿಗನೊಬ್ಬ ನನ್ನನ್ನು ಕೆತ್ತಿ, ಎರಡು ತುದಿಗೂ ಲೋಹದ ಮೂಗು ತೊಡಿಸಿ, ಬನಶಂಕರೆವ್ವನ ಕೈಗಿಟ್ಟ. ಆಕೆ ನನ್ನನ್ನು ಮೆಲ್ಲಗೆ ಕೆನ್ನೆಯ ಮೇಲೆ ಎಳೆದುಕೊಂಡಳು. "ಇಲ್ಲೊಂಚೂರು ಚುಚ್ಚತೈತಿ" ಎಂದು ತಿರುಗಿ ಕೊಟ್ಟಳು. ಬಡಿಗ ಗೊಣಗುತ್ತಲೇ ಉಜ್ಜಿದ. ಮತ್ತೆ ಕೆನ್ನೆಗೆ ಹಚ್ಚಿ ನೋಡಿ, ಸಮಾಧಾನವಾದ ಮೇಲೆಯೇ ಆಕೆ ನನ್ನನ್ನು ಕಣ್ಣಿಗೆ ಒತ್ತಿಕೊಂಡದ್ದು. ಅಂದಿನಿಂದ ದಿನಾ ಬೆಳಿಗ್ಗೆ ಮೊದಲು ಕೆನ್ನೆಗೆ, ಆಮೇಲೆ ಕಣ್ಣಿಗೆ. ಹನ್ನೆರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ಮನೆಗೆ ಸೊಸೆ ಮುಕ್ತಾ ಬಂದಳು. ಅವಳ ತವರಿನಲ್ಲಿ ಮಗ್ಗ ಯಾವಾಗಲೋ ಅಟ್ಟ ಸೇರಿತ್ತು. ಆದರೂ ಹುಡುಗಿ ಚುರುಕು, ಒಂದೇ ವರ್ಷದಲ್ಲಿ ಕೈ ಪಳಗಿಸಿಕೊಂಡಳು. ಬನಶಂಕರೆವ್ವ ಮಗಳ ಬಾಣಂತನಕ್ಕೆಂದು ಹೊರಟಾಗ ಮುಕ್ತಾ ಹಟ ಹಿಡಿದಳು: "ನನ್ನ ತಂಗಿ ಮದುವಿ ಸೀರಿ ನಾನs ನೇಯ್ತೀನ್ರಿ ಅತ್ತಿ. ನೀವು ಬರೂದ್ರಾಗ ಅರ್ಧ ಮುಗಿಸಿರತೀನಿ."

ಮೊದಲ ವಾರವೇ ನಾನು ಮಗ್ಗದಿಂದ ಹಾರಿ ಕಲ್ಲುಹಾಸಿನ ಮೇಲೆ ಬಿದ್ದೆ. ನನ್ನ ಬಲ ಅಂಚಿನಲ್ಲಿ ಎಳ್ಳುಕಾಳಿನಷ್ಟು ಸಿಬಿರು ಎದ್ದಿತು. ಕೆನ್ನೆಗೆ ಹಚ್ಚಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಆದರೆ ಅತ್ತೆ ನನ್ನನ್ನು ಕೆನ್ನೆಗೆ ಹಚ್ಚುವುದು ಬರೀ ಮುದ್ದು ಎಂದೇ ಮುಕ್ತಾ ತಿಳಿದಿದ್ದಳು! ಅವಳು ಕಣ್ಣಿಗೆ ಮಾತ್ರ ಒತ್ತಿಕೊಳ್ಳುತ್ತಿದ್ದಳು, ಅದೂ ಎರಡೆರಡು ಸಲ. ಅಮಾವಾಸ್ಯೆಯ ಪೂಜೆಯಲ್ಲಿ ಕುಂಕುಮ ಹಚ್ಚಿದಳು ನೋಡಿ, ಸರಿಯಾಗಿ ಆ ಸಿಬಿರಿನ ಮೇಲೇ! ಭಕ್ತಿಗೇನೂ ಕಡಿಮೆ ಇರಲಿಲ್ಲ, ಪಾಪ.

ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆ ಒಂದು ಹರಿಯಿತು. ಗಂಟು ಹಾಕಿದಳು. ಮರುದಿನ ನಾಲ್ಕು ಹರಿದವು. ನೂಲನ್ನು ಬೈದಳು, ಗಂಜಿಯನ್ನು ಬೈದಳು, ಬಿಸಿಲನ್ನೂ ಬಿಡಲಿಲ್ಲ. ಆ ಸಿಬಿರಿನಿಂದ ಎಳೆ ಹರಿಯುತ್ತಿದ್ದವನು ನಾನು. ಅವಳ ಬೆರಳ ತುದಿ ಕೆಂಪಾಗುವುದನ್ನು ನೋಡುತ್ತಾ ಸುಮ್ಮನೆ ಓಡಬೇಕಾದ ನನ್ನ ಸಂಕಟ ಯಾರಿಗೆ ಹೇಳಲಿ? ಮೂರನೆಯ ವಾರಕ್ಕೆ ಗೇಣು ನೇಯಲು ಒಂದು ದಿನ ಹಿಡಿಯಿತು. "ಅತ್ತಿಗೆ ಮುಖ ಹೆಂಗ ತೋರಸ್ಲಿ? ಇನ್ನ ಮಗ್ಗಕ್ಕ ಕೂಡೂದs ಬ್ಯಾಡ" ಎಂದು ಹಾಸನ್ನೇ ಕತ್ತರಿಸಿಬಿಡಲು ಕತ್ತರಿ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಬನಶಂಕರೆವ್ವನ ದನಿ. "ಓಣಿ ತುದಿಯಿಂದ ಕೇಳಾಕತ್ತೀನಿ. ಮಗ್ಗ ಯಾಕ ನಿಂತ ನಿಂತ ಓಡತೈತಿ?"

ಮುಕ್ತಾ ಅತ್ತೇಬಿಟ್ಟಳು. ಮುದುಕಿ ಚೀಲ ಕೆಳಗಿಟ್ಟು, ನನ್ನನ್ನು ಎತ್ತಿ ಕೆನ್ನೆಗೆ ಹಚ್ಚಿದಳು. ಬಲ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ಸೊಸೆಯ ಕೆನ್ನೆಗೆ ಹಚ್ಚಿದಳು.

"ಅಯ್ಯ, ಚುಚ್ಚತೈತಿ!" ಎಂದಳು ಮುಕ್ತಾ.

"ಅದಕ್ಕs ದಿನಾ ಗಲ್ಲಕ್ಕ ಹಚ್ಚೂದು. ಯಾಕಂತ ನಾ ನಿನಗ ಹೇಳಲಿಲ್ಲ, ನೀನೂ ಕೇಳಲಿಲ್ಲ. ತಪ್ಪು ಇಬ್ಬರದೂ ಐತಿ ನನ್ನವ್ವಾ."

ಗಾಜಿನ ಚೂರಿನಿಂದ ಎರಡು ಸಲ ಕೆರೆದು, ಮೇಣ ಉಜ್ಜಿದರು. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದ ಕೆಲಸ. ಉಗುರಿನಿಂದ ಹೋಗುವುದಕ್ಕೆ ಹುಡುಗಿ ಕೊಡಲಿ ಎತ್ತಿದ್ದಳಲ್ಲ ಎಂದು ನನಗೆ ನಗುವೂ ಬಂತು, ಮರುಕವೂ ಬಂತು. ಆ ಸೀರೆ ಮದುವೆಗೆ ಎರಡು ದಿನ ಮೊದಲೇ ಮಗ್ಗದಿಂದ ಇಳಿಯಿತು. ಗಂಟುಗಳೆಲ್ಲ ಒಳತುದಿಯಲ್ಲಿದ್ದವು, ಉಟ್ಟಾಗ ಸೊಂಟದ ಸುತ್ತಿನಲ್ಲಿ ಅಡಗಿಹೋದವು.

ಈಗ ಬನಶಂಕರೆವ್ವ ಇಲ್ಲ. ನಾನೂ ಸವೆದು ಗೋಡೆಯ ಗೂಡು ಸೇರಿದ್ದೇನೆ. ಮುಕ್ತಾಳ ಕೂದಲು ನರೆತಿದೆ. ಓಣಿಯ ಹೆಂಗಸರು ಅವಳ ಬಳಿ ನೇಯ್ಗೆ ಕಲಿಯಲು ಬರುತ್ತಾರೆ. ಯಾರೇ ಹೊಸಬರು ಬರಲಿ, ಮೊದಲು ನನ್ನನ್ನೇ ಅವರ ಕೈಗೆ ಕೊಡುತ್ತಾಳೆ. ನಿನ್ನೆ ಬಂದವಳು ನನ್ನನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳಹೋದಳು.

ಮುಕ್ತಾ ಅವಳ ಕೈ ಹಿಡಿದು ಕೆಳಗಿಳಿಸಿದಳು. "ಕಣ್ಣಿಗೆ ಆಮ್ಯಾಲ ಒತ್ತಿಕೊಳ್ಳವಾ. ಮೊದಲ ಗಲ್ಲಕ್ಕ ಹಚ್ಚು. ಯಾಕಂತ ಹೇಳತೀನಿ, ಕೂಡು."