ಹುಸೇನಬಿಯ ಕಲ್ಲುಬಾನಿ

ಇಳಕಲ್ಲಿನ ನೇಕಾರ ಚಾಂದಸಾಬನ ಮಗ್ಗದ ಸದ್ದು ನಿಂತುಹೋಯಿತು. ಪಕ್ಕದ ಮನೆಯ ಗುರುಲಿಂಗವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಮಗಳು ಬನಶಂಕರಿಯ ಮದುವೆ ಸೀರೆ ಆ ಮಗ್ಗದ ಮೇಲಿತ್ತು. ಕೆಂಪು ಸೆರಗು ಇನ್ನೂ ಬಾಕಿ, ಮದುವೆಗೆ ಒಂದೇ ತಿಂಗಳು!

ಓಡಿಬಂದು ನೋಡಿದರೆ ಚಾಂದಸಾಬ ಕೌದಿ ಹೊದ್ದು ಗಡಗಡ ನಡುಗುತ್ತಿದ್ದಾನೆ. ತಾಯಿ ಹುಸೇನಬಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಳೆ.

“ಮತ್ತ ಚಳಿಜ್ವರ ಬಂತವ್ವ. ಯಾರದೋ ಕೆಟ್ಟ ಕಣ್ಣು ಬಿದ್ದೈತಿ.”

“ಕಣ್ಣಲ್ಲ ಚಾಚಿ, ಸೊಳ್ಳಿ! ನಮ್ಮಣ್ಣ ಬಾದಾಮಿ ರೈಲ್ವೆ ಸ್ಟೇಷನ್ನಿನಾಗ ಕೆಲಸಕ್ಕ ಅದಾನಲ್ಲ, ಅಲ್ಲಿ ಡಾಕ್ಟರು ಹೇಳ್ಯಾರಂತ. ಜ್ವರದವರನ್ನ ಕಡದ ಸೊಳ್ಳಿ ಇನ್ನೊಬ್ಬರನ್ನ ಕಡದ್ರ ಅವರಿಗೂ ಜ್ವರ. ಅವು ಹುಟ್ಟೂದು ನಿಂತ ನೀರಾಗ. ನಿಮ್ಮ ಬಾನಿ ನೋಡ್ರಿ!”

ಹಿತ್ತಲ ಕಲ್ಲುಬಾನಿಯಲ್ಲಿ ನೂಲು ನೆನೆಸುವ ಹಳೇ ನೀರು. ಅದರ ತುಂಬ ಸಣ್ಣ ಹುಳಗಳು ಕುಣಿಯುತ್ತಿದ್ದವು.

ಹುಸೇನಬಿ ಸಿಡುಕಿದಳು. “ಈ ಹುಳಕ್ಕ ರೆಕ್ಕಿ ಎಲ್ಲೈತಿ, ಸೊಳ್ಳಿ ಆಗಾಕ? ಏನರೆ ಹೇಳಬ್ಯಾಡ! ಮಗ್ಗದಾಗ ಸೀರಿ ಇದ್ದಾಗ ಬಾನಿ ಬರಿದು ಮಾಡಿದ್ರ ಬರಕತ್ ಹೋಗತೈತಿ, ಮನಿ ಏಳಿಗಿ ನಿಲ್ಲತೈತಿ.”

“ಯಾರು ಹೇಳಿದ್ರು?”

“ನಮ್ಮತ್ತಿ.”

“ಅವರಿಗೆ?”

“ಅವರತ್ತಿ!”

“ಹಂಗಾರ ಸೊಳ್ಳಿ ಬಾನ್ಯಾಗ ಮರಿ ಹಾಕ್ಯಾವು, ಈ ಮಾತು ಅತ್ತೆರ ಬಾಯಾಗ ಮರಿ ಹಾಕೈತಿ!”

ಕೌದಿಯೊಳಗಿಂದ ಚಾಂದಸಾಬನೂ ಕಿಸಕ್ಕನೆ ನಕ್ಕ. ಹುಸೇನಬಿ ಮಾತ್ರ ಮುಖ ತಿರುಗಿಸಿದಳು.

ಗುರುಲಿಂಗವ್ವ ವಾದಕ್ಕೆ ನಿಲ್ಲಲಿಲ್ಲ. ಒಂದು ಗಡಿಗೆಗೆ ಹುಳಗಳ ಸಮೇತ ಬಾನಿಯ ನೀರು ಹಾಕಿ, ಅದರ ಬಾಯಿಗೆ ತೆಳು ಬಟ್ಟೆ ಬಿಗಿದಳು. ಸರಕಾರ ಅಂಚೆ ಕಚೇರಿಯಲ್ಲಿ ಮಾರುವ ಚಳಿಜ್ವರದ ಮದ್ದು ಕ್ವಿನೀನ್ ಪುಡಿಯನ್ನು ತಂದುಕೊಟ್ಟಳು. ಅದರ ಕಹಿಗೆ ಚಾಂದಸಾಬನ ಮುಖ ಸೊಟ್ಟಗಾಯಿತು, ಆದರೂ ಬಿಡದೆ ನುಂಗಿದ.

ವಾರದೊಳಗೆ ಗಡಿಗೆಯಿಂದ ಗುಂಯ್ ಎಂದು ಸದ್ದು! ಹುಸೇನಬಿ ಬಗ್ಗಿ ನೋಡಿದಳು. ಹುಳಗಳು ಕಡಿಮೆಯಾಗಿದ್ದವು. ಬಟ್ಟೆಯ ಕೆಳಗೆ ಸೊಳ್ಳೆಗಳು ಹಾರಾಡುತ್ತಿದ್ದವು. ಹೊರಗಿನಿಂದ ಒಂದೂ ಒಳಗೆ ಹೋಗುವಂತಿರಲಿಲ್ಲ.

“ಯಾ ಅಲ್ಲಾ! ನನ್ನ ಮಗನ್ನ ಕಡಿಯೂ ಸೊಳ್ಳಿ ನಾನ ಸಾಕೀನಲ್ಲೋ!”

ಸೆರಗು ಸಿಕ್ಕಿಸಿಕೊಂಡವಳೇ ಗಡಿಗೆಯ ನೀರನ್ನೂ ಬಾನಿಯ ನೀರನ್ನೂ ಬಿಸಿಲಿನ ನೆಲಕ್ಕೆ ಚೆಲ್ಲಿದಳು. ಆಮೇಲೆ ಓಣಿಯ ಮನೆಮನೆಗೂ ನುಗ್ಗಿದಳು. “ನಿಂತ ನೀರು ಚೆಲ್ರೇ! ನಮ್ಮತ್ತಿ ಮಾತು ನಂಬಿ ನಾ ಕೆಟ್ಟೆ!”

ಜ್ವರ ಬಿಟ್ಟಿತು. ಚಾಂದಸಾಬ ಮಗ್ಗಕ್ಕೆ ಕೂತ. ಮದುವೆಯ ದಿನ ಬನಶಂಕರಿ ಆ ಸೀರೆಯುಟ್ಟು ಬಂದು ಮೊದಲು ಹುಸೇನಬಿಯ ಕಾಲಿಗೆ ಎರಗಿದಳು. ಮುದುಕಿ ಹುಡುಗಿಯನ್ನು ತಬ್ಬಿಕೊಂಡು ಕಣ್ಣು ತುಂಬ ಅತ್ತಳು, ಬಾಯಿ ತುಂಬ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ವಾರಕ್ಕೊಮ್ಮೆ ಬಾನಿ, ಗಡಿಗೆ ಬರಿದು ಮಾಡಿ ಒಣಗಿಸಿರಿ. ಕುಡಿಯುವ ನೀರಿನ ಕೊಡದ ಬಾಯಿಗೆ ಬಟ್ಟೆ ಕಟ್ಟಿರಿ. ಚಳಿಜ್ವರ ಬಂದವರನ್ನು ದವಾಖಾನೆಗೆ ಕರೆದೊಯ್ಯಿರಿ. ಕೇಳಿದ ಮಾತನ್ನು ಒಮ್ಮೆ ಪರೀಕ್ಷೆ ಮಾಡಿ ನೋಡಿರಿ. ಈಗ ಏಳಿ, ನಿಮ್ಮ ಹಿತ್ತಲಿನಲ್ಲಿ ಎಲ್ಲಿ ನೀರು ನಿಂತಿದೆ ನೋಡಿಬನ್ನಿ!