ಸಿಕ್ ರೂಮಿನಲ್ಲಿ ಊಟ

ಹಲಸೂರಿನ ಆ ಶಾಲೆಯಲ್ಲಿ ಮೇಲೆಲ್ಲ ಮಕ್ಕಳಿದ್ದರು, ಕೆಳಗೆ ಆಫೀಸಿತ್ತು, ಮೆಟ್ಟಿಲಿನ ಅಡಿಯ ಸಿಕ್ ರೂಮಿನಲ್ಲಿ ಸಂಘಮಿತ್ರಾ ಇದ್ದಳು. ಅವಳು ಶಾಲೆಯ ನರ್ಸು. ಮಕ್ಕಳು ಮಂಡಿ ತರಚಿಕೊಂಡು ಬರುತ್ತಿದ್ದರು, ಗಣಿತದ ಟೆಸ್ಟಿನ ದಿನ ತಪ್ಪದೆ ಹೊಟ್ಟೆನೋವು ತರುತ್ತಿದ್ದರು. ಅಂಥ ಹೊಟ್ಟೆನೋವಿಗೆ ಅವಳ ಮದ್ದು ಒಂದೇ: ಸ್ವಲ್ಪ ಹೊತ್ತು ಮಲಗಿಸಿ, ಮನೆಯಲ್ಲಿ ಯಾರು ಬೈದರು ಅಂತ ಕೇಳುವುದು. ಬಹಳಷ್ಟು ಹೊಟ್ಟೆನೋವು ಅಲ್ಲಿಗೇ ವಾಸಿಯಾಗುತ್ತಿತ್ತು.

ಅವಳನ್ನು ಹಾಗೆ ಕೇಳುವವರು ಮಾತ್ರ ಯಾರೂ ಇರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಕೃಷ್ಣರಾಜಪುರದ ಬಾಡಿಗೆ ಮನೆಯಲ್ಲಿ ಒಬ್ಬಳೇ. ಶಾಲೆಯಲ್ಲಾದರೂ ಏನು? ಕೊರೊನಾ ಕಾಲದಲ್ಲಿ ಗೇಟಿನಲ್ಲಿ ನಿಂತು ಎಲ್ಲರ ಜ್ವರ ನೋಡುತ್ತಿದ್ದವಳಿಗೆ ಟೀಚರುಗಳು, “ನೀವು ಕೆಳಗೇ ಊಟ ಮಾಡ್ಕೊಳ್ಳಿ ಸಿಸ್ಟರ್” ಅಂದಿದ್ದರು. ಕೊರೊನಾ ಹೋಯಿತು, ಆ ಮಾತು ಹೋಗಲಿಲ್ಲ. ಸ್ಟಾಫ್ ರೂಮಿನಲ್ಲಿ ಪಲ್ಯ, ಉಪ್ಪಿನಕಾಯಿ ಕೈಯಿಂದ ಕೈಗೆ ಹೋಗುವ ಹೊತ್ತಿಗೆ ಅವಳು ಕೆಳಗೆ ಗೋಡೆ ನೋಡುತ್ತ ಬ್ರೆಡ್ಡು ತಿನ್ನುತ್ತಿದ್ದಳು. ಅವರು ಮತ್ತೆ ಕರೆಯಲಿಲ್ಲ, ಕರೆಯದೆ ಹೋಗುವ ಜಾಯಮಾನ ಇವಳದಲ್ಲ.

ಈ ವರ್ಷ ಆರನೇ ಕ್ಲಾಸಿಗೆ ಉಮ್ಮೆ ಕುಲ್ಸುಂ ಸೇರಿದಳು. ಶಿವಾಜಿನಗರದ ಹುಡುಗಿ; ಅಪ್ಪನಿಗೆ ಕಮರ್ಷಿಯಲ್ ಸ್ಟ್ರೀಟಿನ ಹಿಂದೆ ಲೇಸು, ಗುಂಡಿಗಳ ಅಂಗಡಿ. ಆ ವಯಸ್ಸಿಗೇ ಸಕ್ಕರೆ ಕಾಯಿಲೆ. ಪ್ರತಿ ಊಟಕ್ಕೂ ಮೊದಲು ಬೆರಳು ಚುಚ್ಚಿ ರಕ್ತ ನೋಡಬೇಕು, ಪೆನ್ನಿನಂಥ ಸೂಜಿಯಲ್ಲಿ ಹೊಟ್ಟೆಗೆ ಇನ್ಸುಲಿನ್ ಕೊಡಬೇಕು. ಕೊಟ್ಟ ಮೇಲೆ ಮಗು ಸರಿಯಾಗಿ ಉಂಡಿತೇ ಎಂದು ಕಣ್ಣಾರೆ ನೋಡಬೇಕು. ಉಣ್ಣದಿದ್ದರೆ ಸಕ್ಕರೆ ಇಳಿದು ಕುಸಿದು ಬಿದ್ದಾಳು. ಹೀಗಾಗಿ ಇಬ್ಬರ ಡಬ್ಬಿಯೂ ಸಿಕ್ ರೂಮಿನ ಮೇಜಿನ ಮೇಲೆ ಒಟ್ಟಿಗೇ ತೆರೆಯತೊಡಗಿತು.

ಹುಡುಗಿ ಬಾಯಿಬಡುಕಿ. ಅಂಗಡಿಗೆ ಬಂದು ನೂರು ಗುಂಡಿ ಹೊರಳಾಡಿಸಿ ಒಂದನ್ನೂ ಕೊಳ್ಳದೆ ಹೋಗುವ ಹೆಂಗಸರ ನಕಲು ಮಾಡಿ ತೋರಿಸುತ್ತಿದ್ದಳು. ಸಂಘಮಿತ್ರಾ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದಳು. ಒಬ್ಬಳಿಗೇನು ಅಡುಗೆ ಅನ್ನುತ್ತಿದ್ದವಳು ಈಗ ಬೆಳಿಗ್ಗೆ ಎದ್ದು ಹುರುಳಿಕಾಯಿ ಹೆಚ್ಚುತ್ತಿದ್ದಳು.

ದೀಪಾವಳಿ ಹೊತ್ತಿಗೆ ಕುಲ್ಸುಂ ಸೂಜಿ ಹಾಕಿಕೊಳ್ಳುವುದನ್ನು ಪೂರ್ತಿ ಕಲಿತಿದ್ದಳು. ಕಲಿಸಿದವಳು ಸಂಘಮಿತ್ರಾನೇ. ಮಗು ತನ್ನ ಕಾಯಿಲೆಯನ್ನು ತಾನೇ ನೋಡಿಕೊಳ್ಳುವಂತೆ ಮಾಡುವುದು ಶಾಲೆಯ ನರ್ಸಿನ ಕೆಲಸ, ಅದನ್ನು ಅವಳು ಚೆನ್ನಾಗಿಯೇ ಮಾಡಿದ್ದಳು. ಕಲಿತ ಮೇಲೆ ಹುಡುಗಿ ಕೆಳಗೆ ಬರಲೇಬೇಕೆಂದೇನಿಲ್ಲ.

ಡಿಸೆಂಬರಿನಲ್ಲಿ ಕ್ಲಾಸ್ ಟೀಚರ್ ಸುಕನ್ಯ ಬಾಗಿಲಲ್ಲೇ ನಿಂತು ಕೇಳಿದರು.

“ಸಿಸ್ಟರ್, ಕುಲ್ಸುಂ ಮೈಸೂರು ಟ್ರಿಪ್ಪಿಗೆ ಬರ್ತೀನಿ ಅಂತಿದಾಳೆ. ಇಂಜೆಕ್ಷನ್ ಅವಳೇ ಹಾಕ್ಕೋತಾಳಾ? ನೀವು ಹೂಂ ಅಂದ್ರೆ ಕರ್ಕೊಂಡು ಹೋಗ್ತೀನಿ.”

ಹೂಂ ಅಂದರೆ ಮುಗಿಯಿತು. ಮೈಸೂರಿನಿಂದ ಬಂದ ಮೇಲೆ ಹುಡುಗಿ ಗೆಳತಿಯರ ಜೊತೆ ಕ್ಲಾಸಿನಲ್ಲೇ ಉಣ್ಣುತ್ತಾಳೆ, ಈ ಮೇಜಿನ ಎದುರು ಮತ್ತೆ ಗೋಡೆ.

“ಅವಳಿಗಿನ್ನೂ ಕೈ ನಡುಗುತ್ತೆ ಟೀಚರ್,” ಅಂದಳು ಸಂಘಮಿತ್ರಾ. “ಮುಂದಿನ ವರ್ಷ ನೋಡೋಣ.”

ನರ್ಸೇ ಹೇಳಿದ ಮೇಲೆ ಸುಕನ್ಯ ಹುಡುಗಿಗೂ ಅದನ್ನೇ ಹೇಳಿ ಟ್ರಿಪ್ಪು ಬೇಡವೆಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಳ್ಳು ಒಪ್ಪಿಕೊಳ್ಳಬೇಕೆಂದು ಆ ವಾರವೆಲ್ಲ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದಳು.

ಟ್ರಿಪ್ಪಿನ ದಿನ ಆರನೇ ಕ್ಲಾಸಿನವರ ಬಸ್ಸು ಬೆಳಿಗ್ಗೆಯೇ ಹೊರಟುಹೋಗಿತ್ತು. ಕುಲ್ಸುಂಳನ್ನು ಐದನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಊಟದ ಬೆಲ್ಲು ಹೊಡೆದಾಗ ಅವಳು ಬಂದಳು. ಮಾತಿಲ್ಲ, ನಕಲಿಲ್ಲ. ತಾನೇ ಫ್ರಿಜ್ಜಿನಿಂದ ಪೆನ್ನು ತೆಗೆದಳು, ಬೆರಳು ಚುಚ್ಚಿದಳು, ಹೊಸ ಸೂಜಿ ಸಿಕ್ಕಿಸಿದಳು, ಹೊಟ್ಟೆಯ ಚರ್ಮ ಹಿಡಿದು ನಿಧಾನವಾಗಿ ಒತ್ತಿದಳು. ದೊಡ್ಡಾಸ್ಪತ್ರೆಯ ನರ್ಸಿಗೂ ಅಷ್ಟು ನೇರವಾಗಿ ಬರಲಿಕ್ಕಿಲ್ಲ.

“ನನ್ ಕೈ ಯಾವತ್ತು ನಡುಗಿತ್ತು ಮಿಸ್?”

ಸಂಘಮಿತ್ರಾಳ ಮುಖ ಬಿಸಿಯಾಯಿತು. ಮಗುವಿನ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

“ಯಾವತ್ತೂ ಇಲ್ಲಮ್ಮ. ನಾನು ಸುಳ್ಳು ಹೇಳ್ದೆ.”

“ಯಾಕೆ?”

“ನೀನು ಹೋದ್ರೆ ನಾನು ಒಬ್ಳೇ ಊಟ ಮಾಡ್ಬೇಕಲ್ಲ, ಅದಕ್ಕೆ. ನಾಳೆ ಟೀಚರಿಗೆ ನಿಜ ಹೇಳ್ತೀನಿ.”

ಕುಲ್ಸುಂ ಅವಳನ್ನೇ ನೋಡಿದಳು. ಡಬ್ಬಿ ಎತ್ತಿಕೊಂಡಳು.

“ನಮ್ ಕ್ಲಾಸಲ್ಲಿ ತಿಂತೀನಿ ಮಿಸ್.”

“ಅಲ್ಲಿ ಯಾರೂ ಇಲ್ವಲ್ಲ ಕಣೆ.”

“ಗೊತ್ತು.”

ಮೆಟ್ಟಿಲು ಹತ್ತಿ ಹೋಗಿಬಿಟ್ಟಳು. ಸಂಘಮಿತ್ರಾಳಿಗೆ ಕೂತು ಅಳೋಣವೆಂದರೆ ಅದಕ್ಕೂ ಪುರುಸೊತ್ತಿಲ್ಲ. ಇನ್ಸುಲಿನ್ ಒಳಗೆ ಹೋಗಿದೆ, ಹುಡುಗಿ ಸಿಟ್ಟಿನಲ್ಲಿ ಅರ್ಧ ಬಿಟ್ಟರೆ ಅಪಾಯ. ಗ್ಲೂಕೋಸ್ ಪುಡಿಯ ಪೊಟ್ಟಣ ಮುಷ್ಟಿಯಲ್ಲಿ ಹಿಡಿದು ಅವಳೂ ಮೇಲೆ ಹೋದಳು.

ಆರನೇ ಕ್ಲಾಸಿನ ಖಾಲಿ ಬೆಂಚುಗಳ ನಡುವೆ ಕುಲ್ಸುಂ ಕಾರಿಡಾರಿನ ಕಿಟಕಿಗೆ ಬೆನ್ನು ಮಾಡಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಒಳಗೆ ಹೋಗುವ ಮುಖ ಸಂಘಮಿತ್ರಾಳಿಗೆ ಉಳಿದಿರಲಿಲ್ಲ. ಹುಡುಗಿ ಕೊನೆಯ ತುತ್ತು ತಿಂದು ಕೈ ತೊಳೆಯಲು ಏಳುವವರೆಗೂ ಅವಳು ಕಾರಿಡಾರಿನಲ್ಲೇ ನಿಂತು ನೋಡುತ್ತಿದ್ದಳು.