ಸೀಟಿನ ಬೆನ್ನಿಗಂಟಿದ ನೀಲಿ

ಷಡ್ಡಕ ಕಾರು ಕೊಂಡ ದಿನದಿಂದ ಬೊಂಬೆಯಣ್ಣನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬೊಂಬೆಯಣ್ಣ ಎನ್ನುವುದು ಕೆಲಸದ ಜಾಗದಲ್ಲಿ ಬಿದ್ದ ಅಡ್ಡಹೆಸರು. ಹೊಸ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುವ ಪ್ರಯೋಗಶಾಲೆಯಲ್ಲಿ, ಮನುಷ್ಯರ ಬದಲು ಸೀಟಿನಲ್ಲಿ ಕೂರುವ ಬೊಂಬೆಗಳನ್ನು ಸಜ್ಜುಗೊಳಿಸುವವನು ಅವನು. ಹದಿನೈದು ವರ್ಷಗಳಲ್ಲಿ ಅವನ ಕಣ್ಣೆದುರು ನುಜ್ಜುಗುಜ್ಜಾದ ಕಾರುಗಳಿಗೆ ಲೆಕ್ಕವಿಲ್ಲ. ಮನೆ ಮುಂದೆ ನಿಂತಿರುವುದು ಮಾತ್ರ ಒಂದು ಹಳೇ ಸ್ಕೂಟರ್.

ಷಡ್ಡಕನೆಂದರೆ ಅವನ ಹೆಂಡತಿಯ ತಂಗಿಯ ಗಂಡ, ಕನ್ನಡಕದ ಅಂಗಡಿಯವನು. ಅವನು ಕೊಂಡದ್ದು ಹಳದಿ ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕ್. ಅಷ್ಟಕ್ಕೇ ಅತ್ತೆಯ ಬಾಯಲ್ಲಿ ಚಿನ್ನದಂಥ ಅಳಿಯನಾಗಿಬಿಟ್ಟ. ಎರಡು ಮನೆಗಳೂ ಒಂದೇ ಬೀದಿಯಲ್ಲಿ, ಮಕ್ಕಳು ಒಂದೇ ಶಾಲೆಯಲ್ಲಿ. ದಿನಾ ಬೆಳಿಗ್ಗೆ ಷಡ್ಡಕ ತನ್ನ ಮಗನ ಜೊತೆಗೆ ಬೊಂಬೆಯಣ್ಣನ ಆರು ವರ್ಷದ ಮಗಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ತಾನೇ ಬೆಲ್ಟು ಹಾಕಿ ಕರೆದೊಯ್ಯುತ್ತಿದ್ದ. ಸಂಜೆಯೆಲ್ಲ ಮಗಳಿಗೆ ಚಿಕ್ಕಪ್ಪನ ಕಾರಿನದೇ ಜಪ. ಉಪಕಾರ ಪಡೆದವನು ಹೊಟ್ಟೆಕಿಚ್ಚು ಪಡಬಾರದು ಅಂತೀರಾ? ಅವನಿಗೇ ಅದು ಜಾಸ್ತಿ.

ಆ ಉರಿಗೆ ಅವನು ಬುದ್ಧಿವಂತಿಕೆಯ ವೇಷ ಹಾಕಿಸಿ ಹೊರಗೆ ಬಿಡುತ್ತಿದ್ದ. ಎಲ್ಲರೂ ಊಟಕ್ಕೆ ಸೇರಿದಾಗಲೆಲ್ಲ ಕಾರಿನಲ್ಲಿ ಒಂದೊಂದು ಹುಳುಕು ತೆಗೆಯುವುದು. ಒಂದು ವಾರ ಬಾಗಿಲಿನ ತಗಡು ತೆಳು ಎಂದ. ಇನ್ನೊಂದು ವಾರ ಬ್ರೇಕಿನ ಸದ್ದು ಸರಿಯಿಲ್ಲ ಎಂದ. ಮತ್ತೊಮ್ಮೆ, ಹಳದಿ ಕಾರುಗಳೇ ಹೆಚ್ಚು ಗುದ್ದಿಸಿಕೊಳ್ಳುತ್ತವೆ ಎಂದು ಹಸೀ ಸುಳ್ಳು ಹೇಳಿದ. ಷಡ್ಡಕ ನಗುನಗುತ್ತಾ ಕೇಳಿಸಿಕೊಂಡ. ಅವನು ಜಗಳಕ್ಕೆ ಬಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಹೀಗಿರುವಾಗ ಅದೇ ಮಾದರಿಯ ಕಾರು ಪ್ರಯೋಗಶಾಲೆಗೆ ಬಂತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಗುದ್ದಿಸುವ ಮುಂಚೆ ಬೊಂಬೆಗಳ ಮುಖಕ್ಕೆ ಹಸಿ ಬಣ್ಣ ಬಳಿಯಬೇಕು. ತಲೆ ಎಲ್ಲಿಗೆ ಬಡಿಯುತ್ತದೋ ಅಲ್ಲಿ ಬಣ್ಣ ಅಂಟುತ್ತದೆ, ಆಮೇಲೆ ಯಾರೂ ವಾದ ಮಾಡುವಂತಿಲ್ಲ. ಚಾಲಕ ಬೊಂಬೆಯ ಹಣೆಗೆ ಕೆಂಪು, ಪಕ್ಕದ್ದಕ್ಕೆ ಹಸಿರು, ಹಿಂದೆ ಕೂತ ಮಗು ಬೊಂಬೆಗೆ ನೀಲಿ ಬಳಿಯುತ್ತಾ, ಈ ಕಾರು ಸೋಲಲಿ ಎಂದು ಬೊಂಬೆಯಣ್ಣ ಮನಸಾರೆ ಬೇಡಿಕೊಂಡ.

ಕಾರು ಗುದ್ದಿತು. ಅವನು ಮೊದಲು ಓಡಿದ್ದು ಮುಂದಿನ ಬಾಗಿಲಿಗೆ. ಅದು ಸಲೀಸಾಗಿ ತೆರೆದುಕೊಂಡಿತು. ಕೆಂಪು, ಹಸಿರು ಎರಡೂ ಏರ್‌ಬ್ಯಾಗುಗಳ ನಟ್ಟನಡುವೆ ಅಂಟಿದ್ದವು. ಪರೀಕ್ಷೆಯ ಉಸ್ತುವಾರಿ ನೋಡುವ ಇಂಜಿನಿಯರಮ್ಮ ಮೆಚ್ಚಿ ತಲೆದೂಗಿದರು, ಇವನ ಮುಖ ಬಾಡಿತು. ಆಮೇಲೆ ಹಿಂದಕ್ಕೆ ಬಗ್ಗಿ ನೋಡಿದ. ಬೆಲ್ಟು ತಡೆದು ಹಿಡಿಯದೆ ಮಗು ಬೊಂಬೆ ಮುಂದಕ್ಕೆ ನುಗ್ಗಿತ್ತು. ಮುಂದಿನ ಸೀಟಿನ ಬೆನ್ನಿಗೆ ಅಂಗೈಯಗಲ ನೀಲಿ. ಸಿಕ್ಕಿಬಿದ್ದೆ ಮಗನೇ ಎಂದು ಖುಷಿಯಿಂದ ತೊಡೆ ತಟ್ಟಿಕೊಂಡ.

ಬೊಂಬೆಯ ಹಣೆ ಒರೆಸಲು ಬಟ್ಟೆ ತೆಗೆದುಕೊಂಡವನು ಒರೆಸದೆ ಅದನ್ನು ಕೆಳಗಿಟ್ಟ. ಬೆಳಿಗ್ಗೆ ಅಂಥದ್ದೇ ಸೀಟಿನಲ್ಲಿ ಕೂತು ಮಗಳು ಅವನಿಗೆ ಕೈ ಬೀಸಿದ್ದಳು.

ವರದಿ ಹೊರಬೀಳಲು ಇನ್ನೂ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತು. ಬಂದರೆ ಬರಲಿ ಎಂದುಕೊಂಡು ಅವತ್ತು ಸಂಜೆಯೇ ಹೆಂಡತಿಯನ್ನೂ ಕರೆದುಕೊಂಡು ಷಡ್ಡಕನ ಮನೆಗೆ ಹೋಗಿ, ಅತ್ತೆಯ ಎದುರೇ ಹೇಳಿದ. ಒಬ್ಬರೂ ನಂಬಲಿಲ್ಲ. ಈ ವಾರ ಹಿಂದಿನ ಸೀಟಿನ ಸರದಿಯೋ ಎಂದು ಅತ್ತೆ ಕೇಳಿದರು. ಅವನ ಹೆಂಡತಿ ನಾಚಿಕೆಯಿಂದ ತಲೆ ತಗ್ಗಿಸಿದಳು. ತನ್ನ ಮಗಳನ್ನು ಕಳಿಸದಿರುವುದು ಅವನ ಕೈಯಲ್ಲಿತ್ತು. ಷಡ್ಡಕನ ಮಗ? ಆ ಹುಡುಗನೂ ಇವನ ಹೆಗಲ ಮೇಲೇ ಬೆಳೆದವನು.

"ಬಾಗಿಲು ಅಂದ್ರಿ, ಬ್ರೇಕು ಅಂದ್ರಿ, ಬಣ್ಣ ಅಂದ್ರಿ. ನಾನು ಯಾವುದನ್ನ ನಂಬ್ಲಿ ಭಾವ?" ಷಡ್ಡಕ ಮೆಲ್ಲಗೆ ಕೇಳಿದ.

ಬೊಂಬೆಯಣ್ಣ ಅತ್ತೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

"ಅದೆಲ್ಲ ಸುಳ್ಳು. ಹೊಟ್ಟೆಕಿಚ್ಚು ತಡ್ಕೊಳ್ಳೋಕೆ ಆಗ್ದೆ ಹೇಳಿದ್ದು. ಇವತ್ತು ನಿನ್ನ ಕಾರು ಸೋಲ್ಲಿ ಅಂತ ಬೇಡ್ಕೊಂಡಿದ್ದೆ. ಸೋತಾಗ ಖುಷಿಯಾಯ್ತು ಕಣಪ್ಪ. ಇಷ್ಟು ಹೇಳಿದ್ಮೇಲೂ ನಂಬಲ್ಲ ಅಂದ್ರೆ, ಬಾ, ತೋರಿಸ್ತೀನಿ."

ಹೊರಗೆ ಹೋಗಿ, ಕೆಲಸದಿಂದ ಬರುವಾಗ ಜೇಬಿನಲ್ಲೇ ಉಳಿದಿದ್ದ ನೀಲಿ ಬಣ್ಣದ ಟ್ಯೂಬು ತೆಗೆದ. ಹಳದಿ ಕಾರಿನ ಮುಂದಿನ ಸೀಟಿನ ಬೆನ್ನಿಗೆ, ಪ್ರಯೋಗಶಾಲೆಯಲ್ಲಿ ಎಲ್ಲಿ ಅಂಟಿತ್ತೋ ಅಲ್ಲೇ, ಗೇಣು ಹಾಕಿ ಅಳೆದು ನೀಲಿ ಬಳಿದ. ಹಿಂದೆ ಹುಡುಗನನ್ನು ಕೂರಿಸಿ, ನಿಧಾನವಾಗಿ ಬಗ್ಗಪ್ಪ ಎಂದ. ಹುಡುಗ ಆಟವೆಂದುಕೊಂಡು ನಗುತ್ತಾ ಬಗ್ಗಿದ. ತಲೆ ಎತ್ತಿದಾಗ ಅವನ ಹಣೆಯ ತುಂಬ ನೀಲಿ. ಷಡ್ಡಕ ಅದನ್ನು ನೋಡುತ್ತಾ ನಿಂತ. ಆಮೇಲೆ ತನ್ನ ಅಂಗಿಯ ತುದಿಯಿಂದ ಒರೆಸಿದ. ಅದು ಬೇಗ ಹೋಗಲಿಲ್ಲ.

ಮರುದಿನದಿಂದ ಆ ಕಾರಿನ ಹಿಂದಿನ ಸೀಟು ಮಡಚಿಯೇ ಇತ್ತು, ಅದರ ಮೇಲೆ ಅಂಗಡಿಯ ಕನ್ನಡಕದ ಪೆಟ್ಟಿಗೆಗಳು. ಮಕ್ಕಳು ಬೊಂಬೆಯಣ್ಣನ ಜೊತೆ ಬಸ್ಸಿಗೆ. ಮಕ್ಕಳಿಗೋಸ್ಕರ ಹೊಸ ಕಾರನ್ನೇ ಸಾಮಾನಿನ ಗಾಡಿ ಮಾಡಿಕೊಂಡನಲ್ಲ, ಎಂಥ ದೊಡ್ಡ ಮನಸ್ಸು ನನ್ನ ಕಿರಿಯ ಅಳಿಯಂದು ಎಂದು ಅತ್ತೆ ಬೀದಿಗೆಲ್ಲ ಸಾರಿದರು. ಹಿರಿಯ ಅಳಿಯನ ಸುದ್ದಿಯನ್ನೇ ಎತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಈ ಮಾತು ಕಿವಿಗೆ ಬಿದ್ದಾಗ ಬೊಂಬೆಯಣ್ಣನ ಹೊಟ್ಟೆ ಹಿಂದೆಂದೂ ಇಲ್ಲದಷ್ಟು ಧಗಧಗ ಉರಿಯಿತು. ಉರಿಯುವ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳೋಣವೆಂದರೆ ಒಂದು ಕೈಯನ್ನು ಮಗಳು ಹಿಡಿದಿದ್ದಳು, ಇನ್ನೊಂದನ್ನು ಷಡ್ಡಕನ ಮಗ.